ಗಿಟಾರ್ ಕ್ಯಾಬಿನೆಟ್‌ಗೆ ಸ್ಪೀಕರ್: ವ್ಯಾಟ್ ಕೇಳುವ ಮೊದಲು ಓಮ್ ಕೇಳಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಯಾವ ಊರಿನ ಸೌಂಡ್ ಸರ್ವಿಸ್ ಅಂಗಡಿಗೆ ಹೋಗಿ ‘ಗಿಟಾರ್ ಬಾಕ್ಸಿಗೆ ಹನ್ನೆರಡು ಇಂಚಿನ ಸ್ಪೀಕರ್ ಬೇಕು’ ಅಂದರೂ ಉತ್ತರ ಹೆಚ್ಚುಕಡಿಮೆ ಒಂದೇ: ‘ಇದು 300 ವ್ಯಾಟ್ ಐತ್ರಿ, ಏನ್ ಬಾರಿಸಿದ್ರೂ ಹರಿಯಂಗಿಲ್ರಿ.’ ಮಾತು ಸುಳ್ಳಲ್ಲ, ಅದು ಹರಿಯುವುದಿಲ್ಲ. ಆದರೆ ಅದು ಡಿಜೆ ಬಾಕ್ಸಿಗೋ ಜಾತ್ರೆಯ ಪೆಂಡಾಲಿಗೋ ಮಾಡಿದ ಪಿಎ (ಸಭೆಗೆ ಕೇಳಿಸುವ ಧ್ವನಿವರ್ಧಕದ) ಸ್ಪೀಕರ್. ತೂತಿನ ಅಳತೆ ಸರಿಹೋಗುತ್ತದೆ, ಸ್ಕ್ರೂ ಕೂಡ ಕೂಡುತ್ತವೆ. ಗಿಟಾರ್ ಹಚ್ಚಿದರೆ ಮಾತ್ರ ಸ್ವರದಲ್ಲಿ ಚುರುಕೇ ಇರುವುದಿಲ್ಲ. ಎಲ್ಲವೂ ಕಂಬಳಿ ಹೊದ್ದ ಹಾಗೆ ಮಂದ. ಆಮೇಲೆ ಆಂಪ್ಲಿಫೈಯರ್ ಸರಿಯಿಲ್ಲ, ಪೆಡಲ್ ಸರಿಯಿಲ್ಲ ಎಂದು ದುಡ್ಡು ಸುರಿಯುವುದು ಶುರುವಾಗುತ್ತದೆ.

ಸ್ಪೀಕರ್ ಆರಿಸುವಾಗ ಜನ ಮೊದಲು ನೋಡುವುದು ವ್ಯಾಟ್, ಎರಡನೆಯದು ಕಂಪನಿ ಹೆಸರು. ನೋಡಬೇಕಾದ ಕ್ರಮ ಬೇರೆ. ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ತಪ್ಪಿದರೆ ಆಂಪ್ ಸುಡಬಹುದು. ಸ್ಪೀಕರ್ ತಾಳುವ ವ್ಯಾಟ್ ಕಡಿಮೆಯಾದರೆ ಅದೇ ಸುಡುತ್ತದೆ. ಡಿಬಿ (ಡೆಸಿಬಲ್, ಸದ್ದಿನ ಅಳತೆ) ಲೆಕ್ಕ ತಪ್ಪಿದರೆ ಡ್ರಮ್ಮಿನ ಮುಂದೆ ಗಿಟಾರ್ ಕೇಳಿಸುವುದಿಲ್ಲ. ಇವು ಮೂರೂ ಹೊಂದಿದ ಮೇಲೆ ಉಳಿದ ಸ್ಪೀಕರ್‌ಗಳಲ್ಲಿ ಯಾವುದರ ದನಿ ಇಷ್ಟವೋ ಅದನ್ನು ಆರಿಸಿಕೊಳ್ಳಬಹುದು.

ಗಿಟಾರ್ ಸ್ಪೀಕರ್ ಯಾಕೆ ಬೇರೆ

ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ದಪ್ಪ ತಂತಿ 82 ಹರ್ಟ್ಜ್‌ನಲ್ಲಿ ಕಂಪಿಸುತ್ತದೆ. ಹಾಗಾಗಿ ಬಹುತೇಕ ಗಿಟಾರ್ ಸ್ಪೀಕರ್‌ಗಳ ಕೆಲಸ 70-80 ಹರ್ಟ್ಜ್‌ನಿಂದ ಶುರುವಾಗಿ 5,000 ಹರ್ಟ್ಜ್ ಸುತ್ತಮುತ್ತ ಮುಗಿಯುತ್ತದೆ. ಅದರ ಮೇಲೆ ದನಿ ಕಡಿದಾಗಿ ಇಳಿದುಬಿಡುತ್ತದೆ. ಹಾರ್ನ್ (ಮೇಲಿನ ಸ್ವರಗಳ ಸ್ಪೀಕರ್) ಇರುವ ಪಿಎ ಬಾಕ್ಸ್ 15-20 ಸಾವಿರ ಹರ್ಟ್ಜ್‌ವರೆಗೂ ಕೂಗುತ್ತದೆ. ಹಾಡಿಗೆ, ತಬಲಾಕ್ಕೆ ಅದು ಬೇಕೇ ಬೇಕು. ಡಿಸ್ಟಾರ್ಶನ್ (ಬೇಕೆಂದೇ ಒಡೆದ ದನಿ) ಹಾಕಿದ ಗಿಟಾರಿಗೆ ಅದೇ ಶಾಪ. ಡಿಸ್ಟಾರ್ಶನ್ ಹುಟ್ಟಿಸುವ ಮೇಲಿನ ಹಾರ್ಮೋನಿಕ್‌ಗಳೆಲ್ಲ ಹಾರ್ನಿನಿಂದ ಹೊರಬಿದ್ದು ಚರಚರ ಅನ್ನುತ್ತವೆ. ಹಾರ್ನ್ ಇಲ್ಲದ ಬರೀ ಪಿಎ ವೂಫರ್ ಹಾಕಿದರೆ ತೊಂದರೆ ತಿರುಗಾಮುರುಗಾ: ಅದರ ಭಾರದ ಕೋನ್ (ಕಂಪಿಸಿ ಸದ್ದು ಮಾಡುವ ಶಂಕು) 2-4 ಸಾವಿರ ಹರ್ಟ್ಜ್‌ನಲ್ಲಿ ಗಿಟಾರಿಗೆ ಬೇಕಾದ ಚುರುಕನ್ನು ಕೊಡುವುದೇ ಇಲ್ಲ.

ಇನ್ನೊಂದು ವ್ಯತ್ಯಾಸ ಕೋನ್‌ನಲ್ಲೇ ಇದೆ. ಕಡಿಮೆ ಸ್ವರದಲ್ಲಿ ಇಡೀ ಕೋನ್ ಒಟ್ಟಿಗೆ ಮುಂದೆ ಹಿಂದೆ ಆಡುತ್ತದೆ. ಸ್ವರ ಮೇಲೇರಿದಂತೆ ಕೋನ್‌ನ ಬೇರೆ ಬೇರೆ ಭಾಗಗಳು ತಮ್ಮತಮ್ಮಷ್ಟಕ್ಕೆ ಕಂಪಿಸತೊಡಗುತ್ತವೆ. ಪಿಎ ಸ್ಪೀಕರ್ ಮಾಡುವವರು ಇದನ್ನು ದೋಷವೆಂದು ತಡೆಯುತ್ತಾರೆ. ಗಿಟಾರ್ ಸ್ಪೀಕರ್ ಮಾಡುವವರು ತೆಳು ಕಾಗದದ ಕೋನ್ ಹಾಕಿ ಇದನ್ನು ಬೇಕೆಂದೇ ಬಿಡುತ್ತಾರೆ. ನಾವು ‘ಗಿಟಾರ್ ಟೋನ್’ ಅನ್ನುವುದರಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಬರುವುದು.

ಖರೀದಿಗೆ ಮೊದಲು ಇನ್ನೊಂದು ಪ್ರಶ್ನೆ: ನಿಮಗೆ ಕ್ಯಾಬಿನೆಟ್ ಬೇಕೇ? ರಸಮಂಜರಿ ತಂಡಗಳಲ್ಲಿ ಬಹಳ ಗಿಟಾರಿಸ್ಟರು ಮಲ್ಟಿ-ಎಫೆಕ್ಟ್ ಪ್ರೊಸೆಸರ್‌ನಿಂದ ನೇರ ಮಿಕ್ಸರ್‌ಗೆ ವೈರ್ ಕೊಡುತ್ತಾರೆ. ಪ್ರೊಸೆಸರ್‌ನ ಒಳಗಿನ ‘ಕ್ಯಾಬ್ ಸಿಮ್ಯುಲೇಶನ್’ ಗಿಟಾರ್ ಸ್ಪೀಕರ್ ಮಾಡುವ ಸೋಸುವ ಕೆಲಸವನ್ನು ಆಗಲೇ ಮಾಡಿ ಮುಗಿಸಿರುತ್ತದೆ. ಅಂಥವರಿಗೆ ಬೇಕಾದದ್ದು ಒಳ್ಳೆಯ ಪಿಎ ಮಾನಿಟರ್. ಕ್ಯಾಬ್ ಸಿಮ್ಯುಲೇಶನ್ ಆನ್ ಇಟ್ಟುಕೊಂಡೇ ಗಿಟಾರ್ ಕ್ಯಾಬಿನೆಟ್ ಹಚ್ಚಿದರೆ ದನಿ ಎರಡು ಸಲ ಸೋಸಿಹೋಗಿ ಮುಚ್ಚಿದ ಬಾಗಿಲ ಆಚೆಯಿಂದ ಬಂದಂತಾಗುತ್ತದೆ. ಈ ಲೇಖನ ಬೇರೆ ಹೆಡ್ (ಸ್ಪೀಕರ್ ಇಲ್ಲದ ಆಂಪ್) ಅಥವಾ ಕಾಂಬೊ ಆಂಪ್ (ಸ್ಪೀಕರ್ ಒಳಗೇ ಇರುವುದು) ಇದ್ದವರಿಗೆ.

ಓಮ್: ಇಲ್ಲಿ ಮಾತ್ರ ಅಂದಾಜು ನಡೆಯುವುದಿಲ್ಲ

ಗಿಟಾರ್ ಸ್ಪೀಕರ್‌ಗಳು ಮುಖ್ಯವಾಗಿ 8 ಮತ್ತು 16 ಓಮ್‌ನಲ್ಲಿ, ಕೆಲವು 4 ಓಮ್‌ನಲ್ಲಿ ಬರುತ್ತವೆ. ಒಂದೇ ಮಾದರಿ 8ರಲ್ಲೂ 16ರಲ್ಲೂ ಸಿಗುತ್ತದೆ, ನೋಡಲು ಎರಡೂ ಒಂದೇ ಥರ. ಸೆಲೆಶನ್ ಕಂಪನಿಯ ಸ್ಪೀಕರ್‌ನ ಲೇಬಲ್ ಮೇಲೆ ‘ಟಿ’ ಅಕ್ಷರದಿಂದ ಶುರುವಾಗುವ ಒಂದು ಸಂಖ್ಯೆ ಇರುತ್ತದೆ, 8 ಓಮ್‌ಗೆ ಒಂದು, 16ಕ್ಕೆ ಬೇರೊಂದು. ಆರ್ಡರ್ ಮಾಡುವಾಗ ಬರೀ ಮಾದರಿಯ ಹೆಸರು ಹೇಳಿದರೆ ಸಾಲದು, ಓಮ್ ಹೇಳಲೇಬೇಕು.

ಲೇಬಲ್ ಅಳಿಸಿಹೋದ ಹಳೆಯ ಸ್ಪೀಕರ್ ಆದರೆ ಮಲ್ಟಿಮೀಟರ್ ಸಾಕು. ವೈರ್ ಬಿಚ್ಚಿ, ಟರ್ಮಿನಲ್‌ಗಳ ನಡುವೆ ಓಮ್ ಅಳೆಯಿರಿ. ಮೀಟರ್ ತೋರಿಸುವುದು ಡಿಸಿ ರೆಸಿಸ್ಟೆನ್ಸ್. ಅದು ಯಾವಾಗಲೂ ಬರೆದ ಓಮ್‌ಗಿಂತ ಕಡಿಮೆ. 6ರಿಂದ 7 ತೋರಿಸಿದರೆ ಅದು 8 ಓಮ್ ಸ್ಪೀಕರ್. 12ರಿಂದ 14 ಬಂದರೆ 16 ಓಮ್, ಮೂರು-ಮೂರೂವರೆ ಬಂದರೆ 4 ಓಮ್. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ (ಕೋನ್ ಆಡಿಸುವ ತಂತಿಸುರುಳಿ) ಕಡಿದಿದೆ. ಅಂಥದ್ದಕ್ಕೆ ಚೌಕಾಸಿಯೂ ಬೇಡ.

ಒಂದಕ್ಕಿಂತ ಹೆಚ್ಚು ಸ್ಪೀಕರ್ ಇದ್ದಾಗ ಲೆಕ್ಕ ಹೀಗೆ. ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು) ಜೋಡಿಸಿದರೆ ಓಮ್ ಕೂಡುತ್ತಾ ಹೋಗುತ್ತದೆ: ಎರಡು 8 ಸೇರಿ 16. ಪ್ಯಾರಲಲ್‌ನಲ್ಲಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಅರ್ಧವಾಗುತ್ತದೆ: ಎರಡು 8 ಸೇರಿ 4, ಎರಡು 16 ಸೇರಿ 8. ನಾಲ್ಕು ಸ್ಪೀಕರ್‌ನ ಬಾಕ್ಸಿನಲ್ಲಿ ಎರಡೆರಡನ್ನು ಸೀರೀಸ್ ಮಾಡಿ ಆ ಎರಡು ಜೋಡಿಯನ್ನು ಪ್ಯಾರಲಲ್ ಮಾಡಿದರೆ ಒಂದು ಸ್ಪೀಕರ್‌ನ ಓಮ್ ಎಷ್ಟೋ ಇಡೀ ಬಾಕ್ಸಿನದೂ ಅಷ್ಟೇ. ಬೇರೆ ಬೇರೆ ಓಮ್‌ನ ಸ್ಪೀಕರ್ ಬೆರೆಸುವುದು ಬೇಡ. 8 ಮತ್ತು 16ನ್ನು ಪ್ಯಾರಲಲ್ ಮಾಡಿದರೆ ಒಟ್ಟು 5.3 ಓಮ್ ಆಗುತ್ತದೆ. ಪವರ್‌ನ ಮೂರರಲ್ಲಿ ಎರಡು ಪಾಲನ್ನು 8 ಓಮ್‌ನದೇ ಎಳೆದುಕೊಂಡು ಬೇಗ ಸುಡುತ್ತದೆ.

ಈಗ ಆಂಪ್ ಕಡೆ. ಟ್ರಾನ್ಸಿಸ್ಟರ್ ಆಂಪ್ ಮೇಲೆ ‘ಕನಿಷ್ಠ 4 ಓಮ್’ ಎಂದಿದ್ದರೆ 8 ಓಮ್ ಹಚ್ಚಬಹುದು, ಪವರ್ ಕಡಿಮೆ ಬರುತ್ತದೆ ಅಷ್ಟೆ. 4 ಓಮ್‌ಗೆ 50 ವ್ಯಾಟ್ ಕೊಡುವ ಆಂಪ್ 8 ಓಮ್‌ಗೆ ಸುಮಾರು 30 ವ್ಯಾಟ್ ಕೊಟ್ಟೀತು. ಕನಿಷ್ಠಕ್ಕಿಂತ ಕೆಳಗೆ ಹೋದರೆ ಕರೆಂಟ್ ಏರಿ ಔಟ್‌ಪುಟ್ ಟ್ರಾನ್ಸಿಸ್ಟರ್ ಕಾಯುತ್ತವೆ. ಪ್ರೊಟೆಕ್ಷನ್ ಇದ್ದರೆ ಆಂಪ್ ತಾನೇ ಬಂದ್ ಆಗುತ್ತದೆ, ಇಲ್ಲದಿದ್ದರೆ ಸುಡುತ್ತದೆ.

ವಾಲ್ವ್ (ಗಾಜಿನ ಟ್ಯೂಬ್) ಆಂಪ್ ಇಷ್ಟು ಉದಾರಿಯಲ್ಲ. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ 4, 8, 16ಕ್ಕೆ ಬೇರೆ ಬೇರೆ ಟ್ಯಾಪ್ ಇರುತ್ತವೆ. ಕ್ಯಾಬಿನೆಟ್‌ನ ಓಮ್ ಎಷ್ಟೋ ಹಿಂದಿನ ಸೆಲೆಕ್ಟರ್ ಅಲ್ಲೇ ಇರಬೇಕು. ಒಂದು ಮೆಟ್ಟಿಲು ಹೆಚ್ಚುಕಡಿಮೆ ಆದರೆ ಕೆಲವು ಆಂಪ್ ತಡೆದುಕೊಳ್ಳುತ್ತವೆ, ಹಾಗೆಂದು ರೂಢಿ ಮಾಡಿಕೊಳ್ಳುವಂತಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಸ್ಪೀಕರ್ ಹಚ್ಚದೆಯೇ ವಾಲ್ವ್ ಆಂಪ್ ಬಾರಿಸುವುದು. ಹೋಗಲು ದಾರಿ ಇಲ್ಲದ ಶಕ್ತಿ ಟ್ರಾನ್ಸ್‌ಫಾರ್ಮರ್‌ನಲ್ಲಿ ಭಾರಿ ವೋಲ್ಟೇಜ್ ಎಬ್ಬಿಸಿ ಒಳಗಿನ ಇನ್ಸುಲೇಶನ್ ಸೀಳುತ್ತದೆ. ಆ ಟ್ರಾನ್ಸ್‌ಫಾರ್ಮರ್ ನಮ್ಮ ಊರಲ್ಲಿ ಸಿಗುವ ಸಾಮಾನಲ್ಲ.

ಇಲ್ಲೇ ವೈರ್ ಮಾತೂ ಬರುತ್ತದೆ. ಹೆಡ್‌ನಿಂದ ಕ್ಯಾಬಿನೆಟ್‌ಗೆ ಗಿಟಾರಿನ ಕೇಬಲ್ ಹಚ್ಚಬೇಡಿ. ಜ್ಯಾಕ್ ಎರಡಕ್ಕೂ ಒಂದೇ ಆದ್ದರಿಂದ ಈ ತಪ್ಪು ಬಹಳ ಆಗುತ್ತದೆ. ಗಿಟಾರ್ ಕೇಬಲ್‌ನ ಒಳತಂತಿ ತೀರ ತೆಳು. ಜೋರು ಪವರ್ ಹರಿದಾಗ ಕಾಯುತ್ತದೆ, ಒಳಗೆ ಶಾರ್ಟ್ ಅಥವಾ ಓಪನ್ ಆದರೆ ಮೇಲೆ ಹೇಳಿದ ಅನಾಹುತವೇ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ 1.5 ಚದರ ಮಿ.ಮೀ. ಎರಡು ಕೋರ್‌ನ ತಾಮ್ರದ ವೈರ್‌ಗೆ ಎರಡೂ ಕಡೆ ಮೋನೊ ಜ್ಯಾಕ್ ಬೆಸೆದರೆ ಸ್ಪೀಕರ್ ಕೇಬಲ್ ತಯಾರು. ಬಾಕ್ಸಿನ ಒಳಗಿನ ವೈರಿಂಗ್‌ಗೂ ಅದೇ ಸಾಕು.

ವ್ಯಾಟ್ ಮತ್ತು ಡಿಬಿ

ಸ್ಪೀಕರ್ ಮೇಲಿನ ವ್ಯಾಟ್ ‘ಇಷ್ಟು ದನಿ ಬರುತ್ತದೆ’ ಎಂಬ ಮಾತಲ್ಲ, ‘ಇಷ್ಟರವರೆಗೆ ತಾಳುತ್ತೇನೆ’ ಎಂಬ ಮಾತು. ಒಳಹೋದ ಕರೆಂಟ್‌ನಲ್ಲಿ ನೂರಕ್ಕೆ ಮೂರರಿಂದ ಆರು ಪಾಲು ಮಾತ್ರ ಸದ್ದಾಗುತ್ತದೆ, ಉಳಿದದ್ದೆಲ್ಲ ಕಾಯಿಲ್‌ನಲ್ಲಿ ಕಾವು. 300 ವ್ಯಾಟ್‌ನ ಸ್ಪೀಕರಿಗೆ 15 ವ್ಯಾಟ್‌ನ ಆಂಪ್ ಹಚ್ಚಿದರೆ ಬರುವುದು 15 ವ್ಯಾಟ್‌ನ ಸದ್ದೇ. ಭಾರದ ಕಾಯಿಲ್, ಭಾರದ ಕೋನ್ ಆದ್ದರಿಂದ ಅದು ಇನ್ನೂ ಕಡಿಮೆಯೂ ಆಗಬಹುದು.

ಟ್ರಾನ್ಸಿಸ್ಟರ್ ಆಂಪ್‌ಗೆ ಅದರ ವ್ಯಾಟ್‌ಗಿಂತ ಸ್ವಲ್ಪ ಹೆಚ್ಚಿನ ಸ್ಪೀಕರ್ ಸಾಕು. ವಾಲ್ವ್ ಆಂಪ್ ಮೇಲೆ ಬರೆದಿರುವುದು ಸಾಮಾನ್ಯವಾಗಿ ಕ್ಲೀನ್ ದನಿಯ ವ್ಯಾಟ್. ವಾಲ್ಯೂಮ್ ಪೂರ್ತಿ ತಿರುಗಿಸಿದಾಗ ಅದು ಒಂದೂವರೆ ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ದಾಟುತ್ತದೆ. ಹಾಗಾಗಿ ಒಂದೇ ಸ್ಪೀಕರ್ ಇದ್ದರೆ ಆಂಪ್‌ನ ಒಂದೂವರೆಯಿಂದ ಎರಡು ಪಟ್ಟು ತಾಳುವಂಥದ್ದು ಹಾಕಿ. 15 ವ್ಯಾಟ್ ಆಂಪ್‌ಗೆ 25 ವ್ಯಾಟ್‌ನ ಸೆಲೆಶನ್ ಗ್ರೀನ್‌ಬ್ಯಾಕ್ ಸರಿ. 30 ವ್ಯಾಟ್ ಆಂಪ್‌ಗೆ ಒಂದೇ ಗ್ರೀನ್‌ಬ್ಯಾಕ್ ಹಾಕುವುದು ಜೂಜು, ಎರಡು ಹಾಕಿದರೆ ನಡೆಯುತ್ತದೆ. ಒಂದೇ ಓಮ್‌ನ, ಬೇರೆ ಬೇರೆ ವ್ಯಾಟ್‌ನ ಎರಡು ಸ್ಪೀಕರ್ ಇದ್ದರೆ ಚಿಕ್ಕದರ ಎರಡು ಪಟ್ಟೇ ಬಾಕ್ಸಿನ ಮಿತಿ: 60 ಮತ್ತು 25 ವ್ಯಾಟ್ ಸೇರಿದರೆ 85 ಅಲ್ಲ, 50.

ಸುಡುವುದೊಂದೇ ಅಪಾಯವಲ್ಲ. ತಂಡದಲ್ಲಿ ಬೇಸ್ ಗಿಟಾರಿಗೆ ಬೇರೆ ಆಂಪ್ ಇಲ್ಲವೆಂದು ಗಿಟಾರ್ ಕ್ಯಾಬಿನೆಟ್‌ಗೇ ಹಚ್ಚುವುದುಂಟು, ಕೀಬೋರ್ಡ್ ಕೂಡ. ಬೇಸ್‌ನ ದಪ್ಪ ತಂತಿ 41 ಹರ್ಟ್ಜ್. ಗಿಟಾರ್ ಸ್ಪೀಕರ್‌ನ ಕೋನ್ ಅಷ್ಟು ದೂರ ಆಡಲು ಮಾಡಿದ್ದಲ್ಲ. ವ್ಯಾಟ್ ಮಿತಿಯೊಳಗೇ ಇದ್ದರೂ ಕಾಯಿಲ್ ಮ್ಯಾಗ್ನೆಟ್‌ನ ಗ್ಯಾಪಿನಿಂದ ಹೊರಬಂದು ವಾರೆಯಾಗುತ್ತದೆ, ಅಂಚಿನ ಮಡಿಕೆ ಹರಿಯುತ್ತದೆ. ಹಿಂಭಾಗ ತೆರೆದ ಬಾಕ್ಸಿನಲ್ಲಿ ಇದು ಇನ್ನೂ ಬೇಗ.

ಇನ್ನು ಡಿಬಿ. ಡೇಟಾ ಶೀಟಿನಲ್ಲಿ ‘ಸೆನ್ಸಿಟಿವಿಟಿ’ ಎಂಬ ಸಾಲು ಇರುತ್ತದೆ: 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಸದ್ದು ಎಂದು. ಅಂಗಡಿಯಲ್ಲಿ ಯಾರೂ ಕೇಳದ ಈ ಸಂಖ್ಯೆಯೇ ದನಿ ಎಷ್ಟು ಜೋರು ಎಂದು ಹೇಳುವುದು. 3 ಡಿಬಿ ಹೆಚ್ಚಾಗಲು ಆಂಪ್‌ನ ವ್ಯಾಟ್ ಎರಡು ಪಟ್ಟಾಗಬೇಕು. ಸೆಲೆಶನ್‌ನದೇ ಮಾದರಿಗಳನ್ನು ನೋಡಿ: ಜಿ12ಟಿ-75 97 ಡಿಬಿ, ಗ್ರೀನ್‌ಬ್ಯಾಕ್ 98, ವಿಂಟೇಜ್ 30 ಪೂರ್ತಿ 100. 15 ವ್ಯಾಟ್‌ನ ಆಂಪ್‌ಗೆ 97 ತೆಗೆದು 100 ಹಾಕಿದರೆ 30 ವ್ಯಾಟ್‌ನ ಆಂಪ್ ಕೊಂಡಷ್ಟೇ ಲಾಭ. 75 ವ್ಯಾಟ್‌ನ ಜಿ12ಟಿ-75ಗಿಂತ 60 ವ್ಯಾಟ್‌ನ ವಿಂಟೇಜ್ 30 ಜೋರು ಎಂಬುದನ್ನೂ ಗಮನಿಸಿ.

ಹಾಗೆಂದು ಹೆಚ್ಚು ಡಿಬಿ ಯಾವಾಗಲೂ ಒಳ್ಳೆಯದಲ್ಲ. ಟಿಳಕವಾಡಿಯ ಅಪಾರ್ಟ್‌ಮೆಂಟಿನಲ್ಲೋ ಬಾಗಲಕೋಟೆ ನವನಗರದ ಸಾಲುಮನೆಯಲ್ಲೋ ಅಭ್ಯಾಸ ಮಾಡುವವರಿಗೆ ಕಡಿಮೆ ಡಿಬಿಯ ಸ್ಪೀಕರೇ ವಾಸಿ. ಆಂಪ್ ಸ್ವಲ್ಪ ತೆರೆದು ಬಾರಿಸಬಹುದು, ಪಕ್ಕದ ಮನೆಯವರೂ ಬಾಗಿಲು ಬಡಿಯುವುದಿಲ್ಲ. ದೊಡ್ಡ ಕಾರ್ಯಕ್ರಮದಲ್ಲಿ ಮೈಕ್ ಇಟ್ಟು ಪಿಎಗೆ ಕೊಡುವುದಾದರೆ ಕ್ಯಾಬಿನೆಟ್ ಜೋರಿರುವ ಅಗತ್ಯವೇ ಇಲ್ಲ. ಶ್ಯೂರ್ ಎಸ್‌ಎಂ57ನಂಥ ಮೈಕನ್ನು ಬಾಕ್ಸಿನ ಮುಂದಿನ ಬಟ್ಟೆಯಿಂದ ಎರಡು-ಮೂರು ಸೆಂ.ಮೀ. ದೂರದಲ್ಲಿ, ನಡುವಿನ ಡಸ್ಟ್ ಕ್ಯಾಪ್‌ನ ಅಂಚಿಗೆ ಎದುರಾಗಿ ನಿಲ್ಲಿಸಿದರೆ 15 ವ್ಯಾಟ್‌ನ ಆಂಪ್ ಇಡೀ ಮೈದಾನಕ್ಕೆ ಕೇಳುತ್ತದೆ. ಮೈಕನ್ನು ನಟ್ಟನಡುವೆ ಇಟ್ಟರೆ ದನಿ ಚುಚ್ಚುತ್ತದೆ, ಅಂಚಿನ ಕಡೆ ಸರಿಸಿದಂತೆ ಮೆತ್ತಗಾಗುತ್ತದೆ.

ದನಿಯ ಗುಣ

ಲೆಕ್ಕ ಮುಗಿದ ಮೇಲೆ ರುಚಿಯ ಪ್ರಶ್ನೆ. ವಿಂಟೇಜ್ 30 ಹೆಸರು ನೋಡಿ 30 ವ್ಯಾಟ್ ಅಂದುಕೊಳ್ಳುವವರು ಬಹಳ, ಅದು 60 ವ್ಯಾಟ್‌ನದು. ಮೇಲಿನ ಮಿಡ್‌ನಲ್ಲಿ (ನಡು ಸ್ವರಗಳ ಮೇಲ್ಭಾಗದಲ್ಲಿ) ಅದಕ್ಕೊಂದು ಉಬ್ಬು ಇದೆ. ತಂಡದ ಗದ್ದಲದಲ್ಲಿ ಲೀಡ್ ಸೀಳಿಕೊಂಡು ಬರುತ್ತದೆ, ಒಬ್ಬರೇ ಕೋಣೆಯಲ್ಲಿ ಬಾರಿಸಿದರೆ ಕಿವಿಗೆ ಬಿರುಸು ಅನಿಸಬಹುದು. ಗ್ರೀನ್‌ಬ್ಯಾಕ್ ಬೆಚ್ಚಗಿನ ದನಿ, ಬೇಸ್ ಸಡಿಲ, ಜೋರು ಕೊಟ್ಟಾಗ ತಾನೇ ಒಂಚೂರು ಒಡೆಯುತ್ತದೆ. ಹಳೆಯ ರಾಕ್, ಬ್ಲೂಸ್ ಬಾರಿಸುವವರು ಅದನ್ನೇ ಬಯಸುವುದು. ಜೆನ್ಸನ್ ಸಿ12ಎನ್ ಅಮೆರಿಕನ್ ಪದ್ಧತಿಯದು, ಕ್ಲೀನ್ ದನಿ ಹೊಳೆಯುತ್ತದೆ. ರಸಮಂಜರಿಯಲ್ಲಿ ಹಳೆಯ ಚಿತ್ರಗೀತೆಗಳ ಗಿಟಾರ್ ತುಣುಕು ಬಾರಿಸುವವರಿಗೆ, ಚರ್ಚ್‌ನ ಕಾಯರ್‌ಗೆ ಈ ಜಾತಿ ಹೊಂದುತ್ತದೆ. ತುಂಬಾ ಡಿಸ್ಟಾರ್ಶನ್ ಹಾಕಿ, ತಂತಿಯ ಶ್ರುತಿ ಇಳಿಸಿ ಬಾರಿಸುವ ಕಾಲೇಜ್ ಫೆಸ್ಟಿನ ಮೆಟಲ್ ತಂಡಕ್ಕೆ ಬಿಗಿ ಬೇಸ್ ಇರುವ ಹೆಚ್ಚು ವ್ಯಾಟ್‌ನ ಸ್ಪೀಕರ್ ಬೇಕು. ಸಡಿಲ ಬೇಸ್‌ನ ಗ್ರೀನ್‌ಬ್ಯಾಕ್ ಅಲ್ಲಿ ಕಲಸಿಹೋಗುತ್ತದೆ.

ಮ್ಯಾಗ್ನೆಟ್ ಬಗ್ಗೆ ಅಂಗಡಿಗಳಲ್ಲಿ ಬೇಕಾದಷ್ಟು ಪುರಾಣ ಕೇಳಿಬರುತ್ತವೆ. ಸೆರಾಮಿಕ್ ಸಾಮಾನ್ಯ, ಅಗ್ಗ, ಭಾರ. ಅಲ್ನಿಕೊ ದುಬಾರಿ, ಜೋರು ಬಾರಿಸಿದಾಗ ದನಿಯ ಅಂಚು ಮೆತ್ತಗಾಗುತ್ತದೆ. ನಿಯೋಡಿಮಿಯಂ ಹಗುರ. ಗ್ರೀನ್‌ಬ್ಯಾಕ್ 3.6 ಕಿಲೋ ತೂಗಿದರೆ ವಿಂಟೇಜ್ 30 4.7 ಕಿಲೋ. ಒಂದರಲ್ಲಿ ಇದು ಏನೂ ಅನಿಸುವುದಿಲ್ಲ. ನಾಲ್ಕು ಸ್ಪೀಕರ್‌ನ ಬಾಕ್ಸ್ 35 ಕಿಲೋ ದಾಟಿ ಟಂಟಂಗೆ ಏರಿಸಲು ಇಬ್ಬರು ಬೇಕಾದಾಗ ತೂಕದ ಬೆಲೆ ತಿಳಿಯುತ್ತದೆ. ಊರೂರು ಸುತ್ತುವ ತಂಡಕ್ಕೆ ಒಂದು ಸ್ಪೀಕರ್‌ನ ಎರಡು ಪುಟ್ಟ ಬಾಕ್ಸ್ ಇರುವುದು, ನಾಲ್ಕರ ಒಂದು ದೊಡ್ಡ ಬಾಕ್ಸಿಗಿಂತ ಎಲ್ಲ ರೀತಿಯಲ್ಲೂ ಅನುಕೂಲ.

ಹೊಸ ಸ್ಪೀಕರ್ ಮೊದಲ ದಿನ ಬಿರುಸಾಗೇ ಇರುತ್ತದೆ. ಕೋನ್‌ನ ಅಂಚು, ಹಿಂದಿನ ಸ್ಪೈಡರ್ (ಕಾಯಿಲನ್ನು ನಡುವೆ ಹಿಡಿದಿಡುವ ಮಡಿಕೆ ಬಟ್ಟೆ) ಎರಡೂ ಗಡುಸು. ಹತ್ತಿಪ್ಪತ್ತು ಗಂಟೆ ಮಧ್ಯಮ ಜೋರಿನಲ್ಲಿ ಬಾರಿಸಿದ ಮೇಲೆ ಸಡಿಲಗೊಂಡು ಟ್ರೆಬಲ್‌ನ ಚೂಪು ಇಳಿಯುತ್ತದೆ. ಅದಕ್ಕೆ ಮೊದಲೇ ‘ಸರಿಯಿಲ್ಲ’ ಎಂದು ವಾಪಸ್ ಕಳಿಸುವುದು ಅವಸರ.

ಪೆಟ್ಟಿಗೆ

ಒಂದು ಹನ್ನೆರಡು ಇಂಚಿನ ಸ್ಪೀಕರಿಗೆ ಹೊರಗಿನ ಅಳತೆ 50 ಸೆಂ.ಮೀ. ಅಗಲ, 45 ಎತ್ತರ, 28 ಆಳ ಇಟ್ಟುಕೊಂಡರೆ ಸರಿಯಾಗುತ್ತದೆ. 18 ಮಿ.ಮೀ. ಪ್ಲೈವುಡ್ ಬಳಸಿ. 8×4 ಅಡಿಯ ಒಂದು ಶೀಟಿನಲ್ಲಿ ಎರಡು ಪೆಟ್ಟಿಗೆ ಆರಾಮವಾಗಿ ಆಗುತ್ತವೆ. ಬೆಳಗಾವಿಯ ಮಳೆಗಾಲ ನೆನಪಿದ್ದರೆ ಪಾರ್ಟಿಕಲ್ ಬೋರ್ಡ್ ಹತ್ತಿರ ಹೋಗುವುದಿಲ್ಲ. ತೇವ ಹೀರಿ ಸ್ಕ್ರೂ ಇರುವಲ್ಲೇ ಊದುತ್ತದೆ, ಸ್ಪೀಕರ್ ಹಿಡಿದ ಸ್ಕ್ರೂ ಕಿತ್ತುಬರುತ್ತದೆ. ಐಎಸ್ 710 ಗುರುತಿನ, ನೀರು ತಾಳುವ ಬಿಡಬ್ಲ್ಯೂಪಿ ಪ್ಲೈ ತಡೆಯುತ್ತದೆ. ವಿಜಯಪುರದ ಒಣಹವೆಯಲ್ಲಿ ಸಾಧಾರಣ ಪ್ಲೈ ಕೂಡ ನಡೆದೀತು, ಆದರೆ ಪದರಗಳ ನಡುವೆ ಪೊಳ್ಳು ಇರಬಾರದು. ಗಿಣ್ಣಿನಿಂದ ತಟ್ಟಿ ನೋಡಿ: ಎಲ್ಲೆಡೆ ಒಂದೇ ಸದ್ದು ಬರಬೇಕು. ಪೊಳ್ಳಿದ್ದಲ್ಲಿ ಪ್ಲೈ ಜಿರ್ರೆನ್ನುತ್ತದೆ.

ಬಡಿಗೇರರಿಗೆ ಹೇಳಬೇಕಾದ ಅಳತೆ: ಸ್ಪೀಕರ್ ತೂತು ಸುಮಾರು 283 ಮಿ.ಮೀ., ಕೊಯ್ಯುವ ಮೊದಲು ನಿಮ್ಮ ಮಾದರಿಯ ಡೇಟಾ ಶೀಟ್ ನೋಡಿ. ಹನ್ನೆರಡು ಇಂಚು ಅಂದಕೂಡಲೇ 305 ಮಿ.ಮೀ. ಕೊಯ್ದುಬಿಡುವುದು ಸಾಮಾನ್ಯ ತಪ್ಪು, ಆಮೇಲೆ ಸ್ಪೀಕರ್ ಹಿಡಿಯಲು ಅಂಚೇ ಇರುವುದಿಲ್ಲ. ಕೂಡುವ ಕಡೆಯೆಲ್ಲ ಅಂಟು ಹಚ್ಚಿ, ನಾಲ್ಕೈದು ಇಂಚಿಗೊಂದರಂತೆ ಸ್ಕ್ರೂ. ಬರೀ ಮೊಳೆ ಹೊಡೆದರೆ ಆರು ತಿಂಗಳಿಗೆ ಗಡಗಡ.

ಹಿಂಭಾಗ ಮುಚ್ಚಬೇಕೋ ತೆರೆಯಬೇಕೋ? ಮುಚ್ಚಿದರೆ ಒಳಗಿನ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಹಿಡಿಯುತ್ತದೆ. ಬೇಸ್ ಬಿಗಿ, ಎದೆಗೆ ತಾಗುತ್ತದೆ, ದನಿ ನೇರ ಮುಂದಕ್ಕೆ ಹೋಗುತ್ತದೆ. ಹಿಂಭಾಗದ ಮೂರರಲ್ಲಿ ಒಂದು ಪಾಲು ತೆರೆದರೆ ಹಿಂದಿನ ಅಲೆಯೂ ಹೊರಬರುತ್ತದೆ. ಕೆಳಗಿನ ಬೇಸ್ ಸ್ವಲ್ಪ ಕಳೆದುಹೋಗಿ, ಉಳಿದ ದನಿ ಕೋಣೆ ತುಂಬ ಹರಡುತ್ತದೆ. ಬಯಲಿನ ಪೆಂಡಾಲಿನಲ್ಲಿ ಹಿಂದಿನ ದನಿ ಪರದೆಯ ಪಾಲಾಗುವುದರಿಂದ ಮುಚ್ಚಿದ್ದೇ ಸರಿ. ಮನೆಗೆ, ಚರ್ಚಿಗೆ ತೆರೆದದ್ದು ಹಿತ.

ಮಂಗಲ ಕಾರ್ಯಾಲಯದ ಹಾಲ್ ಇವೆರಡಕ್ಕೂ ಪರೀಕ್ಷೆ. ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಮತ್ತೆ ಮತ್ತೆ ಮೊಳಗುವುದು ಗಟ್ಟಿ ಗೋಡೆ ಸದ್ದನ್ನು ಹೀರದೆ ತಿರುಗಿಸುವುದರಿಂದ. ಟೈಲ್ಸ್ ನೆಲ, ಆರ್‌ಸಿಸಿ ಛಾವಣಿಯ ಕಾರ್ಯಾಲಯ ಚಿಕ್ಕ ಪ್ರಮಾಣದಲ್ಲಿ ಅದನ್ನೇ ಮಾಡುತ್ತದೆ. ತೆರೆದ ಬಾಕ್ಸನ್ನು ಹಿಂದಿನ ಗೋಡೆಗೆ ಒತ್ತಿ ಇಟ್ಟರೆ ಎಲ್ಲ ಕಲಸಿಹೋಗುತ್ತದೆ, ಎರಡು-ಮೂರು ಅಡಿ ಮುಂದೆ ತನ್ನಿ. ಇನ್ನೊಂದು: ಹನ್ನೆರಡು ಇಂಚಿನ ಸ್ಪೀಕರ್‌ನ ಟ್ರೆಬಲ್ ಬ್ಯಾಟರಿ ಬೆಳಕಿನ ಹಾಗೆ ನೇರ ಹೋಗುತ್ತದೆ. ಬಾಕ್ಸ್ ನೆಲದ ಮೇಲಿದ್ದು ಗಿಟಾರಿಸ್ಟ್ ಪಕ್ಕದಲ್ಲಿ ನಿಂತರೆ ದನಿ ಮಂದ ಎನಿಸಿ ಟ್ರೆಬಲ್ ಏರಿಸುತ್ತಾನೆ, ಎದುರಿನ ಸಾಲಿನಲ್ಲಿ ಕೂತವರ ಕಿವಿ ಹರಿಯುತ್ತದೆ. ಬಾಕ್ಸನ್ನು ಕುರ್ಚಿಯ ಮೇಲಿಡಿ, ಇಲ್ಲವೇ ಹಿಂದಕ್ಕೆ ವಾಲಿಸಿ ನಿಮ್ಮ ಕಿವಿಗೆ ಮುಖ ಮಾಡಿ. ಟೋನ್ ತಿರುಗಿಸುವುದು ಆಮೇಲೆ.

ಮುಂದಿನ ಬಟ್ಟೆಗೆ ಗುಳೇದಗುಡ್ಡದ ಖಣ ಹಾಕುವ ಆಸೆ ಯಾರಿಗಾದರೂ ಬಂದೀತು, ಚೆಂದವೂ ಕಾಣುತ್ತದೆ. ಆದರೆ ಅದರ ನೇಯ್ಗೆ ಬಿಗಿ. ಯಾವ ಬಟ್ಟೆಯೇ ಆಗಲಿ ಬಾಯಿಗೆ ಹಿಡಿದು ಊದಿ, ಉಸಿರು ತಡೆಯಿಲ್ಲದೆ ಆಚೆ ಹೋದರೆ ಮಾತ್ರ ಟ್ರೆಬಲ್ ಹೋಗುತ್ತದೆ. ಖಣವನ್ನು ಸುತ್ತ ಅಂಚುಪಟ್ಟಿಯಾಗಿ ಹಾಕಿ ನಡುವೆ ಸಡಿಲ ನೇಯ್ಗೆಯ ಬಟ್ಟೆ ಕೊಟ್ಟರೆ ಎರಡೂ ಆಯಿತು.

ಕೂಡಿಸುವುದು

ಪೆಟ್ಟಿಗೆಯನ್ನು ದಪ್ಪ ಬಟ್ಟೆಯ ಮೇಲೆ ಮುಖ ಕೆಳಗಾಗಿ ಮಲಗಿಸಿ, ಸ್ಪೀಕರನ್ನು ಹಿಂದಿನಿಂದ ಇಳಿಸಿ. ಮರದ ಸ್ಕ್ರೂ ಬದಲು ಟೀ-ನಟ್ (ಮರದೊಳಗೆ ಕೂರುವ ನಟ್) ಮತ್ತು ಬೋಲ್ಟ್ ಹಾಕಿದರೆ ಸ್ಪೀಕರ್ ಎಷ್ಟು ಸಲ ಬದಲಿಸಿದರೂ ತೂತು ಸಡಿಲವಾಗುವುದಿಲ್ಲ. ಬಿಗಿಯುವಾಗ ಒಂದು ಬೋಲ್ಟ್, ಆಮೇಲೆ ಅದರ ಎದುರಿನದು, ಹೀಗೆ ಸ್ವಲ್ಪಸ್ವಲ್ಪವೇ. ಒಂದೇ ಕಡೆ ಪೂರ್ತಿ ಬಿಗಿದರೆ ಬುಟ್ಟಿ (ಸ್ಪೀಕರ್‌ನ ಲೋಹದ ಚೌಕಟ್ಟು) ಸೊಟ್ಟಗಾಗಿ ಕಾಯಿಲ್ ಉಜ್ಜುತ್ತದೆ. ಪವರ್ ಡ್ರಿಲ್ ಬೇಡ, ಕೈ ಸ್ಪ್ಯಾನರ್ ಸಾಕು. ಸ್ಕ್ರೂಡ್ರೈವರ್ ಹಿಡಿದ ಕೈ ಮ್ಯಾಗ್ನೆಟ್ ಹತ್ತಿರ ಬಂತೆಂದರೆ ಅದು ತಟ್ಟನೆ ಎಳೆದುಕೊಳ್ಳುತ್ತದೆ, ತುದಿ ಜಾರಿ ಬುಟ್ಟಿಯ ಸಂದಿಯಿಂದ ಕೋನ್‌ಗೆ ಇಳಿಯುತ್ತದೆ. ಹೊಸ ಸ್ಪೀಕರ್‌ಗಳು ಹಾಳಾಗುವುದು ಹೆಚ್ಚಾಗಿ ಈ ಗಳಿಗೆಯಲ್ಲೇ. ಕೆಲಸ ಮುಗಿಯುವವರೆಗೆ ಬುಟ್ಟಿಯ ಸಂದಿಗಳಿಗೆ ಅಡ್ಡಲಾಗಿ ರಟ್ಟು ಇಟ್ಟುಕೊಳ್ಳಿ.

ಎರಡು ಸ್ಪೀಕರ್ ಇದ್ದರೆ ಪೊಲಾರಿಟಿ (ಪ್ಲಸ್-ಮೈನಸ್ ದಿಕ್ಕು) ಪರೀಕ್ಷಿಸಿ. 1.5 ವೋಲ್ಟ್‌ನ ಪೆನ್ಸಿಲ್ ಸೆಲ್‌ನ ಪ್ಲಸ್ ಅನ್ನು ಸ್ಪೀಕರ್‌ನ ಪ್ಲಸ್‌ಗೆ, ಮೈನಸ್ ಅನ್ನು ಮೈನಸ್‌ಗೆ ಒಂದು ಕ್ಷಣ ಮುಟ್ಟಿಸಿ: ಕೋನ್ ಹೊರಗೆ ಬರಬೇಕು. ಎರಡೂ ಒಂದೇ ದಿಕ್ಕಿಗೆ ಆಡಬೇಕು. ಒಂದು ಉಲ್ಟಾ ಆದರೆ ಒಂದರ ಬೇಸನ್ನು ಇನ್ನೊಂದು ನುಂಗಿ, ಎರಡು ಸ್ಪೀಕರ್ ಒಂದಕ್ಕಿಂತ ಬಡವಾಗಿ ಕೇಳುತ್ತವೆ. ಟರ್ಮಿನಲ್‌ಗೆ ಬೆಸೆಯುವುದಾದರೆ ಮೂರು-ನಾಲ್ಕು ಸೆಕೆಂಡಿನಲ್ಲಿ ಮುಗಿಸಿ. ಹೆಚ್ಚು ಕಾಯಿಸಿದರೆ ಅದೇ ಟ್ಯಾಗಿನ ಇನ್ನೊಂದು ತುದಿಯಲ್ಲಿ ಬೆಸೆದ ಕೋನ್‌ನ ಹೆಣೆದ ವೈರ್ ಕಳಚಿಕೊಳ್ಳುತ್ತದೆ.

ಹಳೆಯದು, ಪಾರ್ಸೆಲ್‌ನಲ್ಲಿ ಬಂದದ್ದು, ರಿಪೇರಿ

ಒಳ್ಳೆಯ ಗಿಟಾರ್ ಸ್ಪೀಕರ್ ನಮ್ಮ ಮೂರೂ ಜಿಲ್ಲೆಗಳಲ್ಲಿ ಕೈಗೆ ಸಿಗುವುದು ಅಪರೂಪ, ಮುಂಬಯಿ, ಪುಣೆ, ಬೆಂಗಳೂರಿನಿಂದ ಪಾರ್ಸೆಲ್ ಬರಬೇಕು. ಭಾರದ ಮ್ಯಾಗ್ನೆಟ್ ಇರುವ ಪೆಟ್ಟಿಗೆ ಬಿದ್ದರೆ ಮ್ಯಾಗ್ನೆಟ್ ಕೂದಲೆಳೆಯಷ್ಟು ಸರಿದರೂ ಸಾಕು, ಕಾಯಿಲ್ ಅದಕ್ಕೆ ತಾಗುತ್ತದೆ. ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ಮೊದಲು ಮೀಟರ್‌ನಲ್ಲಿ ಓಮ್ ನೋಡಿ. ಆಮೇಲೆ ಎರಡೂ ಕೈಯ ಬೆರಳುಗಳನ್ನು ಡಸ್ಟ್ ಕ್ಯಾಪ್‌ನ ಸುತ್ತ ಸಮವಾಗಿ ಇಟ್ಟು ಕೋನನ್ನು ಮೆಲ್ಲಗೆ ಒಳಕ್ಕೆ ಒತ್ತಿ, ಕಿವಿ ಹತ್ತಿರ ಒಯ್ಯಿರಿ. ಮರಳು ಕಾಗದ ಉಜ್ಜಿದಂಥ ಸರಸರ ಕೇಳಿದರೆ ಕಾಯಿಲ್ ತಾಗುತ್ತಿದೆ, ವಾಪಸ್ ಕಳಿಸಿ. ಸರಿಯಿದ್ದರೆ ಆಂಪ್‌ಗೆ ಹಚ್ಚಿ, ಮೊಬೈಲಿನ ಟೋನ್ ಜನರೇಟರ್ ಆ್ಯಪಿನಿಂದ 80ರಿಂದ 500 ಹರ್ಟ್ಜ್‌ವರೆಗೆ ಸಣ್ಣ ವಾಲ್ಯೂಮಿನಲ್ಲಿ ನಿಧಾನ ಏರಿಸಿ. ಎಲ್ಲಿ ಜಿರ್ರೆನ್ನುತ್ತದೋ ಅಲ್ಲಿ ನಿಲ್ಲಿಸಿ, ಸದ್ದು ಸ್ಪೀಕರ್‌ನದೋ ಪೆಟ್ಟಿಗೆಯ ಹಿಡಿಕೆಯದೋ ಕೈಯಿಟ್ಟು ಹುಡುಕಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅದು ಎಲ್ಲಿತ್ತು ಎಂದು ಕೇಳಿ. ವೆಲ್ಡಿಂಗ್ ಅಂಗಡಿ, ಗ್ಯಾರೇಜ್ ಪಕ್ಕ ಇಟ್ಟಿದ್ದರೆ ಕಬ್ಬಿಣದ ಪುಡಿ ಮ್ಯಾಗ್ನೆಟ್‌ಗೆ ಅಂಟಿ ಕಾಯಿಲ್‌ನ ಗ್ಯಾಪ್ ಸೇರಿರುತ್ತದೆ, ಊದಿದರೆ ಬರುವುದಿಲ್ಲ. ಮಳೆಗಾಲದಲ್ಲಿ ನೆಲದ ಮೇಲಿಟ್ಟದ್ದಾದರೆ ಕೋನ್‌ನ ಹಿಂದೆ ಬೂಷ್ಟು ಇದೆಯೇ ನೋಡಿ.

ಕಾಯಿಲ್ ಸುಟ್ಟರೆ ರಿಕೋನ್ ಮಾಡುವ (ಕೋನ್, ಕಾಯಿಲ್ ಹೊಸದು ಹಾಕುವ) ಮೆಕ್ಯಾನಿಕ್‌ಗಳು ಇದ್ದಾರೆ, ಕೈಚಳಕವೂ ಇದೆ. ಅವರ ಬಳಿ ಸಾಮಾನ್ಯವಾಗಿ ಇರುವುದು ಪಿಎ ಸ್ಪೀಕರ್‌ನ ಕಿಟ್: ದಪ್ಪ ಕೋನ್, ಭಾರದ ಕಾಯಿಲ್. ಹಾಕಿದರೆ ಸ್ಪೀಕರ್ ಸದ್ದೇನೋ ಮಾಡುತ್ತದೆ, ಗಿಟಾರಿನ ದನಿ ಹೋಗುತ್ತದೆ. ಅದೇ ಮಾದರಿಯ ಕಿಟ್ ತರಿಸಿ ಕೊಟ್ಟರೆ ಮಾತ್ರ ರಿಕೋನ್ ಮಾಡಿಸಿ, ಇಲ್ಲದಿದ್ದರೆ ಹೊಸದೇ ಲೇಸು.

ಕೋನ್‌ನಲ್ಲಿ ಬೆರಳ ಉಗುರಿನಷ್ಟು ಹರಿದಿದ್ದರೆ ಮೆಕ್ಯಾನಿಕ್ ಬೇಕಿಲ್ಲ. ಬಿಳಿ ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ, ಹರಿದ ಅಂಚುಗಳನ್ನು ಕೂಡಿಸಿ ಬ್ರಷ್‌ನಿಂದ ತೆಳುವಾಗಿ ಹಚ್ಚಿ, ಮೇಲೆ ಟಿಶ್ಯೂ ಕಾಗದದ ಒಂದೇ ಪದರ ಕೂರಿಸಿ, ಹಿಂಭಾಗದಲ್ಲೂ ಹಾಗೆಯೇ ಮಾಡಿ. ಸೆಲ್ಲೋ ಟೇಪ್, ಫೆವಿಕ್ವಿಕ್ ಎರಡೂ ಬೇಡ: ಒಂದು ಬಿಟ್ಟುಕೊಂಡು ಜಿರ್ರೆನ್ನುತ್ತದೆ, ಇನ್ನೊಂದು ಗಡುಸಾಗಿ ಪಕ್ಕದಲ್ಲೇ ಹೊಸದಾಗಿ ಹರಿಯುತ್ತದೆ. ಹೊರಅಂಚಿನ ಮಡಿಕೆ ಹರಿದಿದ್ದರೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಗಟ್ಟಿಯಾದ ತೇಪೆ ಕೋನ್‌ನ ಆಟವನ್ನೇ ಹಿಡಿದುಬಿಡುತ್ತದೆ. ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ಸಣ್ಣ ವಾಲ್ಯೂಮಿನಲ್ಲಿ ಬಾರಿಸಿ ನೋಡಿ.